ಮೊಣಕೈ ಸಾಕ್ಷಿ

ಇದನ್ನು ನನಗೆ ಮೊದಲು ಹೇಳಿದ್ದು ನಮ್ಮ ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸೆವ್ರಿನ್ ಬಾಯಿ.

ಮಂಗಳೂರು ಕಡೆಯ ಒಂದು ಕ್ರೈಸ್ತ ಕಾಲೇಜಿನಲ್ಲಿ ಬಿ.ಎ. ತತ್ವಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳು ಬಿದ್ದು ಕೈ ಮುರಿದುಕೊಂಡಳು. ಊರಿನ ನಾಟಿ ವೈದ್ಯರು ಕಟ್ಟು ಹಾಕಿದರು. ಎರಡು ತಿಂಗಳು ಕಳೆದು ಬಂದರೆ ಹಾಜರಿ ಸಾಲದು, ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ.

"ಡಾಕ್ಟರ ಸರ್ಟಿಫಿಕೇಟ್ ಎಲ್ಲಿ?" ಎಂದರು ಪ್ರಿನ್ಸಿಪಾಲ್ ಫಾದರ್. ಅವಳಿಗೆ ತತ್ವಶಾಸ್ತ್ರ ಕಲಿಸುವವರೂ ಅವರೇ.

"ನಾಟಿ ವೈದ್ಯರು ಎಣ್ಣೆ ಕೊಡ್ತಾರೆ ಫಾದರ್, ಸರ್ಟಿಫಿಕೇಟ್ ಕೊಡುದಿಲ್ಲ. ನನ್ನ ಮಾತು ನಂಬಿ. ಕಾಣದೆ ನಂಬುವುದೇ ದೊಡ್ಡದು ಅಂತ ನೀವೇ ಪಾಠ ಮಾಡಿದ್ದಲ್ವಾ?"

ಫಾದರ್ ಗೆದ್ದವರಂತೆ ಕುರ್ಚಿಗೆ ಒರಗಿದರು. "ಸತ್ತು ಎದ್ದು ಬಂದ ಯೇಸುಸ್ವಾಮಿಯನ್ನೇ ಅವರ ಶಿಷ್ಯ ಸಂತ ತೋಮ ಸುಮ್ಮನೆ ನಂಬಲಿಲ್ಲ ಮಾರಾಯ್ತಿ. ಮುಟ್ಟಿ ನೋಡ್ಬೇಕು ಅಂತ ಸಾಕ್ಷಿ ಕೇಳಿದ. ಸ್ವಾಮಿ ತೋರಿಸಲಿಲ್ವಾ?"

"ತೋರಿಸಿದ್ರು ಫಾದರ್." ಹುಡುಗಿ ಚೂಡಿದಾರದ ತೋಳು ಮೇಲೆ ಸರಿಸಿ, ಸೊಟ್ಟಗೆ ಕೂಡಿದ ಮೊಣಕೈಯನ್ನು ಮೇಜಿನ ಮೇಲಿಟ್ಟಳು. "ಆದರೆ ತೋರಿಸಿದ್ದು ಶಿಲುಬೆಯ ಗಾಯ. ಡಾಕ್ಟರ ಚೀಟಿ ಅಲ್ಲ."

ಫಾದರ್ ಮೊಣಕೈಯನ್ನೇ ನೋಡಿದರು. ಮುಟ್ಟಿ ನೋಡಲು ಮನಸ್ಸು ಬರಲಿಲ್ಲ. ಆಮೇಲೆ ಪೆನ್ನು ತೆಗೆದು ಹಾಲ್ ಟಿಕೆಟಿಗೆ ಸಹಿ ಹಾಕಿದರು. "ನಿನ್ನ ತರ್ಕಶಾಸ್ತ್ರದ ಪರೀಕ್ಷೆ ಇವತ್ತೇ ಆಯಿತು ಮಾರಾಯ್ತಿ. ಉಳಿದದ್ದು ಹೋಗಿ ಬರಿ."

ಹಾಜರಿ ಪುಸ್ತಕ ಹಿಡಿದು ಕೂತವರು ಯಾರಾದರೂ ನಿಮಗೆ ಗೊತ್ತಿದ್ದರೆ, ಅವರ ಕಿವಿಗೂ ಇದನ್ನು ಹಾಕಿ.