ಬೆಚ್ಚಗಾದ ಕಡಿವಾಣ

ಕೆಂಬಂಡೆ ಮಠವೆಂದರೆ ದೊಡ್ಡ ಮಠವೆಂದು ತಿಳಿಯಬಾರದು. ಒಂದು ಬಂಡೆ, ಅದಕ್ಕೆ ಒರಗಿದ ಮಣ್ಣಿನ ಪಡಸಾಲೆ, ಮುಂದೊಂದು ಬೇವಿನ ಮರ, ಇಷ್ಟೇ. ಪೂಜ್ಯ ಓಂಕಾರಲಿಂಗ ಶಿವಯೋಗಿಗಳು ಅಲ್ಲಿ ಕಂಬಳಿ ಹಾಸಿಕೊಂಡು ಇರುತ್ತಿದ್ದರು. ಅಂಗಳಕ್ಕೆ ಬಂದವರು ಉಣ್ಣುವವರೆಗೆ ತಾವು ಪ್ರಸಾದ ಸ್ವೀಕರಿಸಬಾರದೆಂಬುದು ಅವರ ನೇಮ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದೆಲ್ಲ ಈ ನೇಮದಿಂದಲೇ ನಡೆಯಿತು.

ಪುಷ್ಯಮಾಸದ ಒಂದು ಬೆಳಿಗ್ಗೆ ಜಟಕಾ ಓಡಿಸುವ ದಾವಲಸಾಬ ತನ್ನ ಕುದುರೆ ಹೀರಾಳನ್ನು ಉದ್ದನೆಯ ಹಗ್ಗದಲ್ಲಿ ಹಿಡಿದು ಬಂದ. ಉದ್ದನೆಯ ಹಗ್ಗ ಏಕೆಂದರೆ, ಹತ್ತಿರ ಹೋದರೆ ಅದು ಕಚ್ಚುತ್ತಿತ್ತು. ಅವನ ಬಲಗೈಗೆ ಬಟ್ಟೆ ಸುತ್ತಿತ್ತು.

"ಅಜ್ಜಾರ, ಇದಕ್ಕೊಂದು ತಾಯತ ಕೊಡ್ರಿ. ಇಲ್ಲಾಂದ್ರ ಇವತ್ತ ಗುಡ್ಡದಾಗ ಬಿಟ್ಟು ಬರ್ತೀನಿ" ಎಂದ.

ಆ ಗುಡ್ಡದಲ್ಲಿ ಚಿರತೆಗಳಿದ್ದವು. ಬಿಟ್ಟು ಬರುವುದೆಂದರೆ ಕೊಲ್ಲುವುದೆಂದೇ ಅರ್ಥ. ಅವನ ಮನೆಯ ಒಲೆ ಉರಿಯುತ್ತಿದ್ದುದೂ ಆ ಕುದುರೆಯಿಂದಲೇ.

"ಇಬ್ಬರೂ ಉಂಡೀರೇನು?" ಎಂದು ಶಿವಯೋಗಿಗಳು ಕೇಳಿದರು.

"ನಾ ಉಂಡೀನ್ರಿ. ಅದು ಮಂದಿ ಹತ್ರ ಇದ್ರ ಬಾಯಿ ಹಚ್ಚಂಗಿಲ್ಲ. ನಮ್ಮತ್ತಿ ಇದ್ದಂಗ ಐತ್ರಿ."

ಶಿವಯೋಗಿಗಳು ಮುಗುಳ್ನಕ್ಕು ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿಸಿದರು. ಬೇಯಿಸಿದ ಹುರುಳಿಯ ಬುಟ್ಟಿಯನ್ನು ಬುಡದಲ್ಲಿರಿಸಿ, ಪಕ್ಕದಲ್ಲೇ ಕುದುರೆಗೆ ಬೆನ್ನು ಮಾಡಿ ಕುಳಿತರು. ಕುದುರೆ ಕಿವಿ ಮಡಚಿ, ಹಗ್ಗ ಎಳೆಯುವಷ್ಟು ದೂರ ಸರಿದು ನಿಂತಿತು. ಮಧ್ಯಾಹ್ನವಾಯಿತು.

"ನೀವು ಒಳಗ ಹೋದ್ರ ತಿಂತೈತ್ರಿ, ಅಜ್ಜಾರ. ಉಪವಾಸ ಯಾಕ ಕೂಡ್ತೀರಿ?"

ಅವರು ಏಳಲಿಲ್ಲ. ಇಳಿಹೊತ್ತಿಗೆ ಅವರ ಹೆಗಲಿಗೆ ಬಿಸಿಯುಸಿರು ತಾಗಿತು. ಕುದುರೆ ಬುಟ್ಟಿಗೆ ಬಾಯಿ ಹಾಕಿತ್ತು. ಇದನ್ನು ಪವಾಡವೆಂದು ಬರೆಯಲು ನನಗೆ ಧೈರ್ಯವಿಲ್ಲ. ಅದಕ್ಕೆ ಹಸಿವಾಗಿತ್ತು, ಅವರು ಅಲುಗಾಡಲಿಲ್ಲ. ನಾನು ಕೇಳಿದ್ದು ಇಷ್ಟೇ.

ದಾವಲಸಾಬ ಕುದುರೆಯನ್ನು ಮಠದಲ್ಲೇ ಬಿಟ್ಟು, ಕೂಲಿ ಮಾಡಿ ದಿನ ದೂಡಿದ. ದಿನವೂ ಶಿವಯೋಗಿಗಳು ಹಾಗೆಯೇ ಕುಳಿತರು. ಕುದುರೆ ದಿನದಿನಕ್ಕೆ ಬೇಗ ತಿನ್ನತೊಡಗಿತು. ಶಿವರಾತ್ರಿ ಸಮೀಪಿಸುವ ವೇಳೆಗೆ ಅವರು ಅದರ ಕುತ್ತಿಗೆ ಸವರುತ್ತಿದ್ದರು. ಆದರೆ ದಾವಲಸಾಬ ಕಡಿವಾಣ ತಂದ ಬೆಳಿಗ್ಗೆ ಅದು ಮತ್ತೆ ಹಲ್ಲು ತೋರಿಸಿ ಹಿಂದೆ ಸರಿಯಿತು.

"ಬೆಳಗಾದ ಕೂಡಲೇ ಇದರ ಬಾಯಿಗೆ ಮೊದಲ ಏನು ಕೊಡ್ತಿ, ದಾವಲಾ?"

"ಕಡಿವಾಣ್ರಿ. ಮುಂಜಾನಿ ರೈಲಿನ ಮಂದಿ ಕಾಯ್ತಿರ್ತಾರ. ಹುರುಳಿ ಆಮ್ಯಾಲ."

ಕಡಿವಾಣವೆಂದರೆ ಕುದುರೆಯ ಬಾಯೊಳಗೆ ಹೋಗುವ ಕಬ್ಬಿಣ. ಅವನು ಅದನ್ನು ಎಂದಿನಂತೆ ರಾತ್ರಿಯೆಲ್ಲ ತನ್ನ ಮನೆಯಂಗಳದ ಗೂಟಕ್ಕೆ ತೂಗುಹಾಕಿದ್ದ. ಶಿವಯೋಗಿಗಳು ಮುಟ್ಟಿ ನೋಡಿ ಅವನಿಗೇ ಮರಳಿ ಕೊಟ್ಟರು.

"ಇದನ್ನ ನೀ ಒಮ್ಮೆ ಕಚ್ಚು."

ದಾವಲಸಾಬ ಕಚ್ಚಿದ. ಹಲ್ಲಿನ ಬೇರಿಗೆ ಚಳಿ ಇಳಿಯಿತು, ತಟ್ಟನೆ ಉಗುಳಿದ.

"ಅದೂ ಹಿಂಗ ಉಗುಳಾಕ ನೋಡ್ತು. ನಿನ್ನ ಕೈ ಅಡ್ಡ ಬಂತು" ಎಂದರು ಶಿವಯೋಗಿಗಳು.

ಅವನು ಕೈಯ ಮೇಲಿನ ಕಚ್ಚಿದ ಗಾಯದ ಕಲೆಯನ್ನು ನೋಡಿಕೊಂಡ. ಆಮೇಲೆ ಕಬ್ಬಿಣವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕುದುರೆಗೆ ಬೆನ್ನು ಮಾಡಿ ಮರದ ಕೆಳಗೆ ಕುಳಿತ. ಕುದುರೆ ಹುರುಳಿ ತಿಂದು ಮುಗಿಸಿತು, ಕಬ್ಬಿಣ ಬೆಚ್ಚಗಾಯಿತು. ಆ ಕಲೆಯ ಕೈಯಿಂದಲೇ ಅವನು ಕಡಿವಾಣ ತೊಡಿಸಿದ. ಕುದುರೆ ಕಚ್ಚಲಿಲ್ಲ.

ಅಂದಿನಿಂದ ಮುಂಜಾನೆ ಯಾರು ಅವಸರ ಮಾಡಿದರೂ ದಾವಲಸಾಬ, "ತಡೀರಿ, ಅಕಿ ಇನ್ನೂ ಉಂಡಿಲ್ಲ" ಎನ್ನುತ್ತಿದ್ದ. ಅಲ್ಲಿಯವರೆಗೆ ತಾನೂ ಚಹಾ ಮುಟ್ಟುತ್ತಿರಲಿಲ್ಲ.