ಎಣ್ಣೆ ಮುಟ್ಟದ ಕೈ

"ಅಪ್ಪಾರ, ನಾಳೆ ಮಣ್ಣಾಗೋ ಮೈಗೆ ಇವತ್ತು ಎಣ್ಣಿ ಯಾಕ ಹಚ್ಚಬೇಕ್ರಿ?"

ಹೀಗೆ ಕೇಳಿದವನು ಅಡವಯ್ಯ, ಮಠದ ಶಿಷ್ಯರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಿನವನು. ಕೇಳಿದ್ದು ಗುರುಗಳನ್ನು, ಬಚ್ಚಲಮನೆಯ ಮುಂದಿನ ಎಳೆ ಬಿಸಿಲಿನಲ್ಲಿ. ಆ ಮಠದಲ್ಲಿ ವಾರಕ್ಕೊಮ್ಮೆ ಎಲ್ಲರೂ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವ ಪದ್ಧತಿ ಇತ್ತು. ಮೈಗೆ ಎಳ್ಳೆಣ್ಣೆ, ನೆತ್ತಿಗೆ ಕೊಬ್ಬರಿ ಎಣ್ಣೆ, ಹಿಮ್ಮಡಿಗೆ ಹರಳೆಣ್ಣೆ, ತುರಿಕೆ ಇದ್ದವರಿಗೆ ಬೇವಿನ ಎಣ್ಣೆ. ಒಬ್ಬರ ಬೆನ್ನನ್ನು ಇನ್ನೊಬ್ಬರು ತಿಕ್ಕಬೇಕು. ಗುರುಗಳೂ ಆ ಸಾಲಿನಲ್ಲೇ ಕೂರುತ್ತಿದ್ದರು. ಯಾರ ಕೈಗೆ ಬೆನ್ನು ಕೊಡಲೂ ಅವರಿಗೆ ಸಂಕೋಚವಿರಲಿಲ್ಲ.

ಅಡವಯ್ಯ ಮಾತ್ರ ಚಳಿಗಾಲ ಹಿಡಿದಾಗಿನಿಂದ ಎಣ್ಣೆ ಬಿಟ್ಟಿದ್ದ. ಬಿಡು ಎಂದು ಯಾರೂ ಹೇಳಿರಲಿಲ್ಲ. ಮೈಯ ಮೋಹ ಬಿಡಬೇಕು ಎಂದು ಪ್ರವಚನದಲ್ಲಿ ಕೇಳಿದ್ದ, ಎಣ್ಣೆಯಿಂದ ಶುರುಮಾಡಿದ. ಊಟ ಬಿಡುವುದಕ್ಕಿಂತ ಅದು ಸುಲಭವೂ ಆಗಿತ್ತು. ವೈರಾಗ್ಯ ಅಂದರೆ ಇದು ಎಂದು ಬಂದ ಭಕ್ತರು ಹೊಗಳಿದರು. ಹೊಗಳಿಕೆ ಒಮ್ಮೆ ಕಿವಿಗೆ ಬಿದ್ದ ಮೇಲೆ, ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಯಾರಿಗಾದರೂ ಕಷ್ಟವೇ.

ಒಣ ಗಾಳಿಗೆ ಅವನ ಹಿಮ್ಮಡಿ ಒಡೆದವು. ಆ ದಿನ ಬೆಳಗ್ಗೆ ಗದ್ದುಗೆಗೆ ಪ್ರದಕ್ಷಿಣೆ ಹಾಕುವಾಗ ಒಂದು ಬಿರುಕು ಬಾಯಿಬಿಟ್ಟು, ಕಲ್ಲುಹಾಸಿನ ಮೇಲೆ ರಕ್ತದ ಹೆಜ್ಜೆ ಮೂಡಿತು. ಯಾರೂ ನೋಡುವ ಮೊದಲೇ ಅದನ್ನು ತನ್ನ ಹೆಗಲ ವಸ್ತ್ರದಿಂದ ಒರೆಸಿದ. ವಸ್ತ್ರವನ್ನು ಬಚ್ಚಲಮನೆಯ ಕಟ್ಟಿಗೆ ರಾಶಿಯ ಹಿಂದೆ ತುರುಕಿದ. ಈಗ ಬರಿ ಹೆಗಲಲ್ಲಿ, ಹಿಮ್ಮಡಿ ನೆಲಕ್ಕೆ ತಾಗದಂತೆ ತುದಿಗಾಲಿನ ಮೇಲೆ ನಿಂತಿದ್ದ.

ಇನ್ನು ಕೆಲವೇ ದಿನಗಳಲ್ಲಿ ಗುರುಗಳು ಹಳ್ಳಿ ಹಳ್ಳಿಗೆ ನಡೆದು ಹೊರಡುವವರಿದ್ದರು. ಜೊತೆಗೆ ಬರಲು ಅಡವಯ್ಯನನ್ನೇ ಆರಿಸಿದ್ದರು. ಅವನು ಇಡೀ ವರ್ಷ ಕಾದಿದ್ದ ಭಾಗ್ಯ ಅದು. ಈ ಕಾಲು ಅಷ್ಟು ದೂರ ನಡೆಯುತ್ತದೆಯೇ ಎಂಬ ಭಯ ಒಳಗೇ ಕೊರೆಯುತ್ತಿತ್ತು. ಆದರೆ ಬಾಯಿಂದ ಬಂದದ್ದು ವೈರಾಗ್ಯದ ಪ್ರಶ್ನೆ.

ಗುರುಗಳು ನೀರೊಲೆಗೆ ಕಟ್ಟಿಗೆ ಹಾಕುತ್ತಿದ್ದರು. ರಾಶಿಯಿಂದ ಕೊನೆಯ ತುಂಡು ಎಳೆದು ಒಲೆಗೆ ಇಟ್ಟು, ಕೈ ಝಾಡಿಸಿ ಬಂದು ಮಣೆಯ ಮೇಲೆ ಕೂತರು. ಅಡವಯ್ಯನಿಗೂ ಕೂಡು ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಹೆಣ್ಣುಮಗಳಿದ್ದಳು. ರೇಷ್ಮೆ ನೇಯುವುದರಲ್ಲಿ ಅವಳನ್ನು ಮೀರಿಸುವವರು ಆ ಕೇರಿಯಲ್ಲಿ ಇರಲಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ; ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಜಾರದಂತೆ ಬೂದಿ ಮುಟ್ಟಿಸಿ, ಎರಡು ಬೆರಳಿನಲ್ಲಿ ಹೊಸೆದು ಕೂಡಿಸುವುದು ನೇಯ್ಗೆಯಲ್ಲೇ ನಾಜೂಕಿನ ಕೆಲಸ. ಅವಳು ಕೂಡಿಸಿದ ಎಳೆಯ ಗಂಟನ್ನು ಕಣ್ಣಿದ್ದವರೂ ಹುಡುಕಲಾರರು ಎಂದು ಜನ ಹೇಳುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು.

ನೇಕಾರರ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಮಗ್ಗದ ಕೋಣೆಗೆ ಎಣ್ಣೆ ಬರಕೂಡದು. ರೇಷ್ಮೆಗೆ ಎಣ್ಣೆ ಸೋಕಿದರೆ ಆ ಕಲೆ ಹೋಗುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡ ಹೆಂಗಸು ಬಟ್ಟೆ ಕಟ್ಟಿಕೊಂಡೇ ಮಗ್ಗಕ್ಕೆ ಕೂರಬೇಕು. ಎಣ್ಣೆ ಮಾರುವ ಗಾಣಿಗರ ಮುದುಕಿ ಕೂಡ ಆ ಕೇರಿಗೆ ಬಂದರೆ ಯಾರ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಗಡಿಗೆಯನ್ನು ಕಟ್ಟೆಯ ಮೇಲಿಟ್ಟು, ಅಲ್ಲಿಂದಲೇ ಅಳೆದು ಕೊಟ್ಟು ಹೋಗುತ್ತಿದ್ದಳು. ಕಟ್ಟಳೆ ಒಳ್ಳೆಯದೇ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಈ ಹೆಣ್ಣುಮಗಳಿಗೆ ಒಬ್ಬ ಸೋದರಸೊಸೆ. ತಾಯಿ ಬಾಣಂತಿತನದಲ್ಲೇ ತೀರಿಕೊಂಡಳು, ಕೂಸು ಅತ್ತೆಯ ತೊಡೆಯ ಮೇಲೆ ಬೆಳೆಯಿತು. ಸ್ವಂತ ಮಕ್ಕಳಿಲ್ಲದ ಅತ್ತೆ ದಿನಾ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಕೂಸಿನ ಮೈ ತಿಕ್ಕಿದಳು. ಕಾಲು ನೀವಿದಳು, ನೆತ್ತಿ ತಟ್ಟಿದಳು, ಬಿಸಿನೀರು ಎರೆದು ಲೋಬಾನದ ಹೊಗೆ ಹಿಡಿದು ಮಲಗಿಸಿದಳು. ಹುಡುಗಿ ಬೆಳೆದಳು. ಮದುವೆ ಗೊತ್ತಾಯಿತು.

ಮದುವಣಗಿತ್ತಿ ಧಾರೆಗೆ ಉಡುವ ಬಿಳಿ ರೇಷ್ಮೆ ಸೀರೆ ಸೋದರತ್ತೆಯ ಮಗ್ಗದಿಂದಲೇ ಬರಬೇಕು ಎಂಬುದು ಆ ಕೇರಿಯ ಪದ್ಧತಿ. ಕೊಂಡು ತಂದದ್ದು ನಡೆಯದು. ಬೇರೆಯವರು ನೇಯ್ದದ್ದೂ ನಡೆಯದು. ಬಿಳಿ ಸೀರೆಯ ಮೇಲೆ ಒಂದು ಚುಕ್ಕೆ ಕಂಡರೂ ಬೀಗರ ಮುಂದೆ ತಲೆ ತಗ್ಗಿಸಬೇಕು. ತಾಯಿಯಿಲ್ಲದ ಹುಡುಗಿಯ ಸೀರೆ ಎಂದರೆ ಜನ ಇನ್ನಷ್ಟು ಕಣ್ಣು ಕೀಲಿಸಿ ನೋಡುತ್ತಾರೆ. ಅತ್ತೆ ಹಾಗಾಗಲು ಬಿಡುವವಳಲ್ಲ.

ಆದ್ದರಿಂದ ಅವಳು ಕಟ್ಟಳೆಯನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು. ಎಣ್ಣೆ ಕೋಣೆಗೆ ಬಾರದಿದ್ದರೆ ಸಾಲದು, ಸೀರೆ ಮಗ್ಗ ಇಳಿಯುವ ತನಕ ನನ್ನ ಕೈಗೇ ಸೋಕಕೂಡದು ಎಂದಳು. ತಲೆಗೆ ಎಣ್ಣೆ ಬಿಟ್ಟಳು. ಒಗ್ಗರಣೆಯ ಸೌಟು ಮುಟ್ಟಲಿಲ್ಲ, ಅಡಿಗೆ ಗಂಡನ ತಾಯಿ, ಆ ಮನೆಯ ಮುದುಕಿಯ ಪಾಲಿಗೆ ಬಿತ್ತು. ಸೋದರತ್ತೆ ಅಂದರೆ ಹೀಗಿರಬೇಕು ಎಂದು ಕೇರಿ ಹೊಗಳಿತು. ಹೊಗಳುವವರಿಗೇನು, ಅವರ ಕೈ ಬಿರಿಯುವುದಿಲ್ಲ.

ಚಳಿ ಬಂತು. ದಿನವಿಡೀ ಬೂದಿ ಮುಟ್ಟುವ ಬೆರಳು, ಮೇಲೆ ಒಣ ಗಾಳಿ. ಮೊದಲು ಚರ್ಮ ಬೆಳ್ಳಗಾಯಿತು, ಆಮೇಲೆ ಒರಟಾಯಿತು, ಆಮೇಲೆ ಬೆರಳಿನ ಗೆಣ್ಣುಗಳಲ್ಲಿ ಬಿರುಕು ಬಿಟ್ಟಿತು. ನುಣುಪಾದ ರೇಷ್ಮೆಯ ಎಳೆ ಆ ಬಿರುಕಿಗೆ ಸಿಕ್ಕಿ ಎಳೆಯತೊಡಗಿತು. ನೀರಿನ ಹಾಗೆ ಜಾರುತ್ತಿದ್ದ ಎಳೆಗಳು ಈಗ ಪಟಪಟನೆ ಕಡಿದವು. ಅವಳು ಯಾರಿಗೂ ಹೇಳಲಿಲ್ಲ. ನೋಡಲು ಬಂದವರ ಮುಂದೆ ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದಳು.

ಗಾಣಿಗರ ಮುದುಕಿಯ ಕಣ್ಣಿಗೆ ಆ ಕೈ ಬಿದ್ದುಬಿಟ್ಟಿತು. ಕಟ್ಟೆಯ ಮೇಲೆ ಕೂತವಳು ಹೊಸ್ತಿಲಾಚೆಯಿಂದಲೇ ಹೇಳಿದಳು:

"ತಂಗಿ, ಎಣ್ಣಿ ಮ್ಯಾಲ ಉಳದ್ರ ಸೀರಿ ಕೆಡತೈತಿ. ಒಳಗ ಇಳದ್ರ ಕೈ ಉಳಿತೈತಿ. ಮಲಗೂ ಮುಂದ ಹಚ್ಚಿ ತಿಕ್ಕು, ಮುಂಜಾನೆ ಕಡ್ಲಿಹಿಟ್ಟು ಹಚ್ಚಿ ತೊಳಿ, ಆಮ್ಯಾಲ ಮಗ್ಗಕ್ಕ ಕೂಡು."

"ಸೀರಿ ಇಳಿಯೂತನಕ ನನ್ನ ಕೈ ಎಣ್ಣಿ ಮುಟ್ಟೂದಿಲ್ಲ, ಆಯಿ. ಕೇರಿಗೆಲ್ಲ ಗೊತ್ತೈತಿ."

ಕೇರಿಗೆ ಗೊತ್ತಿದೆ ಎಂಬುದೇ ಅವಳಿಗೆ ದೊಡ್ಡದಾಗಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಎಂದು ಗೊಣಗಿ, ಮುದುಕಿ ಗಡಿಗೆ ಎತ್ತಿಕೊಂಡು ಮುಂದಿನ ಮನೆಗೆ ಹೋದಳು.

ಸೀರೆಯ ಸೆರಗು ಮುಗಿದು ಒಡಲು ಶುರುವಾಗಿತ್ತು. ಒಂದು ಮಧ್ಯಾಹ್ನ ಕಡಿದ ಎಳೆಯನ್ನು ಹೊಸೆಯುವಾಗ ಗೆಣ್ಣಿನ ಬಿರುಕು ಬಾಯಿಬಿಟ್ಟಿತು. ಅವಳಿಗೆ ನೋವು ತಿಳಿಯಲಿಲ್ಲ, ಅಷ್ಟು ಹೊತ್ತಿಗೆ ನೋವು ಅಭ್ಯಾಸವಾಗಿ ಹೋಗಿತ್ತು. ನೇಯ್ಗೆಯ ಮೇಲೆ ಕೆಂಪು ಹನಿ ಹರಡಿದಾಗಲೇ ತಿಳಿದದ್ದು. ಗಾಬರಿಯಲ್ಲಿ ಒರೆಸಲು ಹೋದಳು, ಒಂದು ಹನಿ ಒಂದು ಗೇಣಾಯಿತು. ತಣ್ಣೀರು ಹಾಕಿದಳು, ಕೆಂಪು ಹೋಗಿ ಕಂದು ಉಳಿಯಿತು. ಎಣ್ಣೆಯ ಕಲೆ ಬಿದ್ದೀತೆಂದು ಅಷ್ಟು ಹೆದರಿದವಳು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕೂತಳು. ಮದುವೆ ಹತ್ತಿರ ಬಂದಿತ್ತು. ಆ ಹೊತ್ತು ಅವಳಿಗೆ ಅಳಲೂ ಆಗಲಿಲ್ಲ.

ಮಗ್ಗದ ಸದ್ದು ನಿಂತದ್ದು ಕೇಳಿ ಹುಡುಗಿ ಬಂದಳು. ಸೀರೆಯನ್ನು ಒಮ್ಮೆ ನೋಡಿದಳು. ಆಮೇಲೆ ಅತ್ತೆಯ ಕೈಗಳನ್ನು ಸೆರಗಿನಿಂದ ಹೊರಗೆ ಎಳೆದು ನೋಡಿದಳು. ಎಷ್ಟೋ ದಿನದಿಂದ ಆ ಕೈಗಳನ್ನು ಮನೆಯವರು ಯಾರೂ ನೋಡಿರಲಿಲ್ಲ. ಹುಡುಗಿಗೆ ದುಃಖ ಒತ್ತರಿಸಿ ಬಂತು, ಸಿಟ್ಟೂ ಬಂತು.

"ಅತ್ತಿ, ನನ್ನ ಮೈ ತಿಕ್ಕಿದ ಕೈ ಇವು. ಸೀರಿ ಆಗಲಿಲ್ಲಂದ್ರ ಹಳೇದುಟ್ಟು ಧಾರಿಗೆ ಕೂಡತೀನಿ. ಈ ಕೈನ ಹಾಳಾದ್ರ ನಾ ಯಾರ ಕೈ ಹಿಡಕೊಂಡು ಹಂದರಕ್ಕ ಬರಲಿ?"

ಹುಡುಗಿ ಅತ್ತೆಯನ್ನು ಎಬ್ಬಿಸಿ ಹೊರಗೆ ಕಟ್ಟೆಗೆ ಕರೆತಂದಳು. ಮನೆಯಲ್ಲಿದ್ದ ಹರಳೆಣ್ಣೆಗೆ ಎಳ್ಳೆಣ್ಣೆ ಬೆರೆಸಿ, ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅತ್ತೆಯ ಒಂದೊಂದು ಬೆರಳಿಗೂ ಹಚ್ಚಿದಳು. ಕೇರಿಯೆಲ್ಲ ನೋಡುತ್ತಿತ್ತು. ಸೋದರತ್ತೆ ಮದುವೆ ಮುಂದಿಟ್ಟುಕೊಂಡು ಎಣ್ಣೆ ಹಚ್ಚಿಸಿಕೊಂಡು ಕೂತಿದ್ದಾಳೆ ಎಂದು ನಿನ್ನೆ ಹೊಗಳಿದ ಬಾಯಿಗಳೇ ಆಡಿಕೊಂಡವು. ಅವಳಿಗೆ ನೋವಾಯಿತು. ಆದರೂ ಏಳಲಿಲ್ಲ.

ಗಾಯ ಕೂಡುವ ತನಕ ಮಗ್ಗ ಸುಮ್ಮನಿತ್ತು. ದಿನ ಕಳೆಯುತ್ತಿರುವಾಗ ಕೈ ಕಟ್ಟಿ ಕೂರುವುದು ಅವಳಿಗೆ ನೇಯುವುದಕ್ಕಿಂತ ಕಷ್ಟವಾಯಿತು. ಒಂದು ಬೆಳಗ್ಗೆ ಕಡಲೆಹಿಟ್ಟಿನಿಂದ ಕೈ ತೊಳೆದು ಒಂದು ಎಳೆಯನ್ನು ಬೆರಳಿನ ಮೇಲೆ ಎಳೆದು ನೋಡಿದಳು. ಎಳೆ ಎಲ್ಲೂ ತಡೆಯದೆ ಜಾರಿತು. ಆಗ ಕತ್ತರಿ ತೆಗೆದುಕೊಂಡು, ರಕ್ತ ಬಿದ್ದ ನೇಯ್ಗೆಯನ್ನು ಸೆರಗಿನ ಸಮೇತ ಕತ್ತರಿಸಿದಳು. ಕಡಿಮೆ ಬಿದ್ದಷ್ಟು ಹೊಸ ಹಾಸು ತಂದು, ಸಾವಿರಾರು ಎಳೆಗಳನ್ನು ಮತ್ತೆ ಒಂದೊಂದಾಗಿ ಕೂಡಿಸಿದಳು. ಒಂದೂ ಕಡಿಯಲಿಲ್ಲ.

ಕಲೆಯಾದ ತುಂಡು ಅಪಶಕುನ, ಒಲೆಗೆ ಹಾಕು ಎಂದು ಮನೆಯ ಮುದುಕಿ ಹೇಳಿದಳು. ಅವಳು ಹಾಕಲಿಲ್ಲ. ಬಂದವರಿಗೆಲ್ಲ ಕಾಣುವ ಹಾಗೆ ಮಗ್ಗದ ಕಂಬಕ್ಕೆ ಅದನ್ನು ತೂಗುಹಾಕಿದಳು. ಮಲಗುವ ಮುಂಚೆ ಕೈಗೆ ಎಣ್ಣೆ ತಿಕ್ಕಿಕೊಳ್ಳುವುದು, ಬೆಳಗ್ಗೆ ತೊಳೆಯುವುದು, ಮಗ್ಗಕ್ಕೆ ಕೂರುವ ಮೊದಲು ಆ ತುಂಡಿಗೆ ಬೆರಳು ಒತ್ತಿ ನೋಡುವುದು. ಜಿಡ್ಡು ಮೂಡಿದರೆ ಹೋಗಿ ಮತ್ತೆ ತೊಳೆದು ಬರುವಳು. ಮೂಡದಿದ್ದರೆ ನೇಯಲು ಕೂರುವಳು. ಇದೇನು ಬಟ್ಟೆ ಎಂದು ಕೇಳಿದವರಿಗೆ, ನನ್ನ ಹಟದ ಗುರುತು ಎಂದು ಹೇಳುತ್ತಿದ್ದಳು. ಹೇಳುತ್ತಾ ನಗುತ್ತಿದ್ದಳು.

ಸೀರೆ ಮದುವೆಯ ಹಿಂದಿನ ದಿನ ಮಗ್ಗ ಇಳಿಯಿತು. ಬೀಗರು ಬಿಸಿಲಿಗೆ ಹಿಡಿದು ನೋಡಿದರು, ಕಲೆಯೂ ಸಿಗಲಿಲ್ಲ, ಗಂಟೂ ಸಿಗಲಿಲ್ಲ. ಹುಡುಗಿಗೆ ಅರಿಶಿನ ಎಣ್ಣೆ ಹಚ್ಚುವ ಶಾಸ್ತ್ರದಲ್ಲಿ ಮೊದಲ ಕೈ ಸೋದರತ್ತೆಯದು. ಅವಳು ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಕೂಸಾಗಿದ್ದಾಗ ತಟ್ಟಿದ ಅದೇ ನೆತ್ತಿಯ ಮೇಲೆ ಕೈ ಇಟ್ಟಳು. ಹುಡುಗಿ ಕಣ್ಣು ಮುಚ್ಚಿದಳು. ಆ ಕೈ ಹೂವಿನಷ್ಟು ಮೆತ್ತಗಿತ್ತು. ಆಮೇಲೆ ಅವಳು ಎಷ್ಟೋ ಸೀರೆ ನೇಯ್ದಳು. ಎಣ್ಣೆ ಒಂದು ದಿನವೂ ಅವಳ ಮಗ್ಗದ ಕೋಣೆಗೆ ಬರಲಿಲ್ಲ. ಅವಳ ಕೈಯೂ ಒಂದು ದಿನವೂ ಒಣಗಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅಡವಯ್ಯನಿಗೆ ಕತೆ ಹಿಡಿಸಿತ್ತು. ಕತೆಯ ತಿರುಳು ತನಗೆ ತಿಳಿಯಿತೆಂದೂ ಅನಿಸಿತು. ಕೈ ನೇಕಾರ್ತಿಗೆ ಹೇಗೋ ಸಾಧಕನಿಗೆ ಮೈ ಹಾಗೆ, ಕೆಲಸ ಮುಗಿಯುವ ತನಕ ಅದನ್ನು ಕಾಯ್ದುಕೊಳ್ಳಬೇಕು. ಮುಂದಿನ ವಾರದಿಂದ ತಾನೂ ಸಾಲಿನಲ್ಲಿ ಕೂರಬಹುದು. ಭಕ್ತರು ಕೇಳಿದರೆ ಗುರುಗಳ ಅಪ್ಪಣೆ ಎಂದರಾಯಿತು. ಹೀಗೆ ಲೆಕ್ಕ ಹಾಕಿ, ತಿಳಿಯಿತ್ರಿ ಅಪ್ಪಾರ ಎಂದು ತಲೆಯಾಡಿಸಿದ.

ಗುರುಗಳು ಹರಳೆಣ್ಣೆಯ ಬಟ್ಟಲನ್ನು ಅವನ ಕಾಲಿನ ಕಡೆಗೆ ಸರಿಸಿದರು. ಅವನ ಬರಿ ಹೆಗಲನ್ನು ಒಮ್ಮೆ ನೋಡಿದರು, ಹಿಂದೆ ಕಟ್ಟಿಗೆ ತೀರಿದ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ವಸ್ತ್ರವನ್ನು ಒಮ್ಮೆ ನೋಡಿದರು.

"ಆಕಿ ತನ್ನ ಬಟ್ಟಿ ಎಲ್ಲಾರಿಗೂ ಕಾಣೂ ಹಂಗ ಮಗ್ಗಕ್ಕ ತೂಗಹಾಕಿದಳು, ಅಡವಯ್ಯಾ. ನಿಂದು ಎಲ್ಲೈತಿ?"

ಅಡವಯ್ಯ ತಿರುಗಿ ಆ ಮೂಲೆಯನ್ನು ನೋಡಿದ.