ಕೌದಿಯ ನಡುವೆ ನಿಂತ ಗುಂಡುಸೂಜಿ

ನೀಲವ್ವ ಎರಡು ಕೌದಿಗಳನ್ನು ಜೋಡಿಸಿ ಒಂದು ಮಾಡುತ್ತಿದ್ದಳು. ನಡುವಿನ ಒಂದೇ ಜಾಗಕ್ಕೆ ಒಂದು ಕೌದಿ ಗಿಳಿಯ ತೇಪೆ ತಂದಿತ್ತು, ಇನ್ನೊಂದು ಸೂರ್ಯನ ತೇಪೆ. ಯಾವುದನ್ನು ಇಡಬೇಕೆಂದು ತೋಚದೆ ಎರಡನ್ನೂ ಆ ಜಾಗದಲ್ಲಿ ಮೊದಲಿನಿಂದ ಇದ್ದ ಹಳೆಯ ಅರಿವೆಯ ಮೇಲಿಟ್ಟು, ಗುಂಡುಸೂಜಿ ಚುಚ್ಚಿ, ನೆರೆಯವಳು ಕೂಗಿದಳೆಂದು ಎದ್ದುಹೋದಳು.

ಮೂರು ಬಟ್ಟೆಗಳ ಹೊಣೆ ಹೊತ್ತ ಗುಂಡುಸೂಜಿಗೆ ಹಿಗ್ಗೋ ಹಿಗ್ಗು.

"ಗಿಳಿಯನ್ನು ಕತ್ತರಿಸಿ ಎಸೆಯುತ್ತೇನೆ, ಜಾಗದ ಜಗಳ ಮುಗಿಯಲಿ" ಎಂದಿತು ಕತ್ತರಿ.

"ಬೇಡಣ್ಣಾ! ನೀಲವ್ವನಿಗೆ ಗಿಳಿಯೇ ಬೇಕೆನಿಸಿದರೆ ಎಲ್ಲಿಂದ ತರುತ್ತೀ?" ಎಂದಿತು ಗುಂಡುಸೂಜಿ.

"ಹಾಗಾದರೆ ಎಲ್ಲವನ್ನೂ ಒಟ್ಟಿಗೆ ಹೊಲಿದು ಮುಗಿಯಿತು ಎನ್ನುತ್ತೇನೆ" ಎಂದಿತು ಸೂಜಿ.

"ಮುಗಿಯದ್ದನ್ನು ಮುಗಿಯಿತು ಎನ್ನಬೇಡ ಅಕ್ಕಾ. ಮೂರೂ ಇದ್ದ ಹಾಗೇ ಇರಲಿ. ಬೇಕಾದರೆ ಅವಳು ಮುಂದುವರಿಸುತ್ತಾಳೆ, ಬೇಡವಾದರೆ ನನ್ನನ್ನು ಕಿತ್ತು ಮೊದಲಿನಂತೆ ಬೇರೆ ಮಾಡುತ್ತಾಳೆ."

ಸೂಜಿ ಕೇಳದೆ ನುಗ್ಗಿತು. ಗುಂಡುಸೂಜಿ ಅಡ್ಡ ನಿಂತಿತು. ಟಣ್! ಅದರ ಸೊಂಟ ಬಾಗಿತು, ಆದರೂ ಜಾಗ ಬಿಡಲಿಲ್ಲ. ಸೂಜಿ ನಾಚಿ ಹಿಂದೆ ಸರಿಯಿತು.

ಮಾತು ಮುಗಿಸಿ ಮರಳುವಷ್ಟರಲ್ಲಿ ನೀಲವ್ವನಿಗೆ ಕೆಲಸ ಎಲ್ಲಿ ನಿಂತಿತ್ತೆಂಬುದೇ ಮರೆತಿತ್ತು. ಕೌದಿಯ ಮೇಲೆ ಕೈಯಾಡಿಸಿದಳು, ಗುಂಡುಸೂಜಿ ಬೆರಳಿಗೆ ಚುಚ್ಚಿತು.

"ಅಯ್ಯಯ್ಯೋ, ಇಲ್ಲೇ ಬಿಟ್ಟಿದ್ದೆನಲ್ಲ!" ಎಂದು ನಕ್ಕಳು. ಗುಂಡುಸೂಜಿ ಕೀಳದೆಯೇ ಮೂರರ ಅಂಚನ್ನೂ ಎತ್ತಿ ನೋಡಿದಳು. ಸೂರ್ಯನನ್ನು ಅಗಲವಾಗಿ ಹಾಸಿ, ಅದರೆದುರು ಗಿಳಿಯನ್ನು ಹಾರಲು ಬಿಟ್ಟು ಹೊಲಿದಳು. ಕೊನೆಯ ಹೊಲಿಗೆ ಬಿದ್ದ ಮೇಲೆಯೇ ಗುಂಡುಸೂಜಿಯನ್ನು ಕಿತ್ತಳು.

ಅದು ನೆಲದ ಮೇಲೆ ಕುಣಿಕುಣಿದು ಕೇಳಿತು: "ಇನ್ನೆಲ್ಲಾದರೂ ಜಗಳವಿದೆಯೇ?"